60 ಜನ ಇದ್ದರೂ ಒದ್ದಾಡಿದ ಕಾಯಿದೆ

ಸಂಪಾದಕರಿಗೆ ನಮಸ್ಕಾರ,

2025ರ ಅಕ್ಟೋಬರ್ 1ರಿಂದ ಆರೋಗ್ಯ ವಿಮೆ ಸಬ್ಸಿಡಿಯ ಜಗಳದಲ್ಲಿ ಅಮೆರಿಕದ ಸರ್ಕಾರ 43 ದಿನ ಅರ್ಧಂಬರ್ಧ ಬಾಗಿಲು ಹಾಕಿತ್ತಲ್ಲ, ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹಕ್ಕೆ ಓದುಗರೊಬ್ಬರು ಉತ್ತರ ಬರೆದಿದ್ದರು. ಅಷ್ಟು ದುಡ್ಡಿರುವ ದೇಶ, ಒಂದು ಆರೋಗ್ಯ ವಿಮೆಗೆ ಇಷ್ಟು ರಂಪ ಯಾಕೆ, ಒಬಾಮಾಗೆ ಬಹುಮತ ಇತ್ತು, ಆಗಲೇ ಸರಿಯಾಗಿ ಮಾಡಿ ಮುಗಿಸಬೇಕಿತ್ತು ಅಂತ ಅವರ ಮಾತು. ಓದಿ ನಗು ಬಂತು. ಬೈಯುವುದಕ್ಕೆ ಹೇಳುತ್ತಿಲ್ಲ, 2009ರಲ್ಲಿ ಅಲ್ಲಿಗೆ ಹೋಗುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ. 2010ರಲ್ಲಿ ಒಬಾಮಾ ತಂದ ಆರೋಗ್ಯ ವಿಮೆ ಕಾಯಿದೆ, ಒಬಾಮಕೇರ್ ಅಂತಾರಲ್ಲ, ಅದರ ಒಂದೊಂದು ಓರೆಕೋರೆಯ ಹಿಂದೆ ಒಂದೊಂದು ವೋಟಿನ ಕಥೆ ಇದೆ. ಅದನ್ನು ಸ್ವಲ್ಪ ಹೇಳೋಣ ಅಂತ ಈ ಪತ್ರ. ಉದ್ದವಾದರೆ ಕತ್ತರಿ ಹಾಕಿ, ಬೇಜಾರಿಲ್ಲ.

ನಾನು ಶಿವಮೊಗ್ಗದವನು. ಮೂವತ್ತು ವರ್ಷಕ್ಕೂ ಜಾಸ್ತಿ ವಿಮೆ ಕೆಲಸ ಮಾಡಿ ನಿವೃತ್ತನಾದವನು. ಏಜೆಂಟರನ್ನು ಬೆನ್ನಿಗೆ ಕಟ್ಟಿಕೊಂಡು ಸೊರಬ, ಸಾಗರ, ಹೊಸನಗರ ಅಂತ ಬೈಕಿನಲ್ಲಿ ಅಲೆದವನು. 2009ರ ಜುಲೈ ಕೊನೆಗೆ ನಾನೂ ನನ್ನ ಹೆಂಡತಿಯೂ ಬಾಸ್ಟನ್ ಹತ್ತಿರ ಇರುವ ಮಗನ ಮನೆಗೆ ಆರು ತಿಂಗಳಿಗೆ ಹೋದೆವು. ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಗ ಸ್ಕೂಲಿಗೆ, ಆಮೇಲೆ ಸಂಜೆ ತನಕ ನಮಗೆ ಟಿವಿಯೇ ಗತಿ. ಅಲ್ಲಿಯ ಸೀರಿಯಲ್ಲು ನಮಗೆ ತಲೆಗೆ ಹತ್ತಲಿಲ್ಲ. ರಾಜಕೀಯ ಮಾತ್ರ ಒಂದೇ ವಾರದಲ್ಲಿ ಹತ್ತಿತು, ಕಿರುಚಾಟಕ್ಕೆ ಭಾಷೆ ಬೇಕಿಲ್ಲ ನೋಡಿ.

ಆ ಆಗಸ್ಟ್ ತಿಂಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಸತ್ತಿಗೆ ರಜೆ. ಜನಪ್ರತಿನಿಧಿಗಳು ಊರಿಗೆ ಬಂದು ಜನರ ಸಭೆ ಕರೆಯುತ್ತಾರೆ, ಟೌನ್ ಹಾಲ್ ಅಂತಾರೆ. ಮಾಮೂಲಿಯಾಗಿ ನಲವತ್ತು ಐವತ್ತು ಜನ ಬಂದು ರಸ್ತೆ, ಪಿಂಚಣಿ ಅಂತ ಕೇಳಿ ಹೋಗುವ ಸಭೆಗಳಂತೆ. ಆ ವರ್ಷ ಜಾಗ ಸಾಲಲಿಲ್ಲ. ತಲೆ ನರೆತವರು ಎದ್ದು ನಿಂತು, ಮುಖ ಕೆಂಪಗೆ ಮಾಡಿಕೊಂಡು, ಬೆರಳು ತೋರಿಸಿ ಕೂಗುತ್ತಿದ್ದರು. ಏನು ವಿಷಯ? ಸರ್ಕಾರ ಒಂದು ಕಮಿಟಿ ಮಾಡುತ್ತದೆ, ಆ ಕಮಿಟಿ ಯಾವ ಮುದುಕ ಬದುಕಬೇಕು ಯಾವ ಮುದುಕ ಸಾಯಬೇಕು ಅಂತ ತೀರ್ಮಾನ ಮಾಡುತ್ತದೆ! 'ಡೆತ್ ಪ್ಯಾನಲ್' ಅಂತ ಅದಕ್ಕೆ ಹೆಸರು. ಆ ಹೆಸರು ಕೊಟ್ಟವರು ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್, ಆಗಸ್ಟ್ 7ರಂದು ಫೇಸ್‌ಬುಕ್‌ನಲ್ಲಿ ಬರೆದದ್ದು.

ಮಸೂದೆಯಲ್ಲಿ ನಿಜಕ್ಕೂ ಇದ್ದದ್ದು ಬೇರೆ. ವಯಸ್ಸಾದವರು ಡಾಕ್ಟರ ಹತ್ತಿರ ಕೂತು, ಕೊನೆಗಾಲದಲ್ಲಿ ನನಗೆ ವೆಂಟಿಲೇಟರ್ ಬೇಕೋ ಬೇಡವೋ, ನಾನು ಮಾತಾಡಲಾಗದಿದ್ದರೆ ಯಾರನ್ನು ಕೇಳಬೇಕು ಅಂತ ಮಾತಾಡಿಕೊಳ್ಳಲು ಇಷ್ಟಪಟ್ಟರೆ ಡಾಕ್ಟರ ಫೀಸನ್ನು ಮೆಡಿಕೇರ್, ಅಂದರೆ ವಯಸ್ಸಾದವರ ವಿಮೆ, ಕೊಡುತ್ತದೆ ಅಂತ. ಇಷ್ಟೇ. ಬೇಕಾದವರಿಗೆ ಮಾತ್ರ. ಗಲಾಟೆಗೆ ಹೆದರಿ ಅದನ್ನು ಕೈಬಿಟ್ಟರು. ತಮಾಷೆ ಅಂದ್ರೆ 2016ರ ಜನವರಿಯಿಂದ ಮೆಡಿಕೇರ್ ಅದೇ ಫೀಸನ್ನು ಕೊಡುತ್ತಿದೆ. ಯಾರನ್ನೂ ಯಾವ ಕಮಿಟಿಯೂ ಕೊಂದ ಸುದ್ದಿ ಇಲ್ಲ.

ಸೌತ್ ಕ್ಯಾರೊಲಿನಾದ ಸಂಸದ ಬಾಬ್ ಇಂಗ್ಲಿಸ್ ಕರೆದ ಸಭೆಯಲ್ಲಂತೂ ಒಬ್ಬರು, ನನ್ನ ಮೆಡಿಕೇರ್ ಮೇಲೆ ಸರ್ಕಾರ ಕೈ ಹಾಕಬಾರದು ಅಂದರಂತೆ. ಮೆಡಿಕೇರ್ ಅನ್ನುವುದೇ ಸರ್ಕಾರದ್ದು! ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿ ತಂದದ್ದು, 65 ದಾಟಿದವರಿಗೆ. ಇಂಗ್ಲಿಸ್ ವಿವರಿಸಲು ನೋಡಿದರು, ಆ ಮನುಷ್ಯ ಒಪ್ಪಲೇ ಇಲ್ಲ. ನಾನು ಮೊದಲು ನಕ್ಕೆ. ಆಮೇಲೆ ಯೋಚನೆ ಬಂತು. ಅವರು ಪೆದ್ದರಲ್ಲ. ತನ್ನ ತಟ್ಟೆಯಲ್ಲಿ ಇದ್ದದ್ದು ಹೋದರೆ ಅಂತ ಭಯ. ಹೊಸದಾಗಿ 4.6 ಕೋಟಿ ಜನಕ್ಕೆ ಎಲೆ ಹಾಕುತ್ತಾರೆ ಅಂದರೆ ಮೊದಲೇ ಪಂಕ್ತಿಯಲ್ಲಿ ಕೂತವರಿಗೆ ಸಾರು ಸಾಲುತ್ತದೋ ಇಲ್ಲವೋ ಅನ್ನುವ ಭಯ. ಆಗ ವಿಮೆ ಇಲ್ಲದವರ ಲೆಕ್ಕ ಹತ್ತಿರ ಹತ್ತಿರ ಅಷ್ಟಿತ್ತು. ಹೆಚ್ಚುಕಮ್ಮಿ ನಮ್ಮ ರಾಜ್ಯದ ಮುಕ್ಕಾಲು ಪಾಲು ಅಂತ ಇಟ್ಟುಕೊಳ್ಳಿ. ಆದರೆ ಮಿಕ್ಕ 25 ಕೋಟಿ ಜನಕ್ಕೆ ಏನೋ ಒಂದು ವಿಮೆ ಇತ್ತಲ್ಲ. ವೋಟು ಜಾಸ್ತಿ ಇರುವುದು ಅವರ ಕೈಯಲ್ಲೇ.

ಅದಕ್ಕೆ ಹಳೇ ಕಾರಣವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸಬಾರದು ಅಂತ ಅಲ್ಲಿ ಸರ್ಕಾರ ಕಟ್ಟು ಮಾಡಿತು. ಕೆಲಸಗಾರರನ್ನು ಹಿಡಿದಿಡಲು ಕಂಪನಿಗಳು ಸಂಬಳದ ಬದಲು ಆಸ್ಪತ್ರೆ ವಿಮೆ ಕೊಡಲು ಶುರುಮಾಡಿದವು. ಅದಕ್ಕೆ ತೆರಿಗೆಯೂ ಇಲ್ಲ. ಹಾಗೆ ನೌಕರಿಗೂ ವಿಮೆಗೂ ಗಂಟು ಬಿತ್ತು, ಇವತ್ತಿಗೂ ಬಿಚ್ಚಿಲ್ಲ. ನೌಕರಿ ಹೋದರೆ ವಿಮೆಯೂ ಹೋಯಿತು. ನಮ್ಮ ಸಾಫ್ಟ್‌ವೇರ್ ಹುಡುಗರನ್ನು ಕೇಳಿ, ಲೇಆಫ್ ಅಂದ ಕೂಡಲೇ ವೀಸಾ ಚಿಂತೆಯ ಹಿಂದೆಯೇ ಬರುವ ಚಿಂತೆ ಇದು. ಅಧ್ಯಕ್ಷ ಟ್ರೂಮನ್ 1945ರಲ್ಲೇ ಎಲ್ಲರಿಗೂ ವಿಮೆ ಅಂದರು, ಡಾಕ್ಟರುಗಳ ಸಂಘವೇ ಎದುರು ನಿಂತಿತು. ಅಧ್ಯಕ್ಷ ಕ್ಲಿಂಟನ್ ತಮ್ಮ ಹೆಂಡತಿಗೆ ಜವಾಬ್ದಾರಿ ಕೊಟ್ಟು ಹೊರಟರು, 1994ರಲ್ಲಿ ಅದೂ ಮಲಗಿತು. ಆಗ ವಿಮಾ ಕಂಪನಿಗಳ ಸಂಘ ಟಿವಿಯಲ್ಲಿ ಒಂದು ಜಾಹೀರಾತು ಹಾಕಿತ್ತು, ಹ್ಯಾರಿ ಮತ್ತು ಲೂಯಿಸ್ ಅಂತ ಗಂಡ ಹೆಂಡತಿ ಮನೆಯಲ್ಲಿ ಕೂತು ಸರ್ಕಾರದ ಯೋಜನೆ ಬಗ್ಗೆ ಚಿಂತೆ ಮಾಡುವುದು. ಸುಮ್ನೆ ಇಬ್ಬರು ಕೂತು ಚಿಂತೆ ಮಾಡಿದ್ದಕ್ಕೇ ಒಂದು ಮಸೂದೆ ಅಲುಗಾಡಿತು.

ಈಗ ನನ್ನ ಮನೆ ಕಥೆ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ನನ್ನ ಹೆಂಡತಿಗೆ ತಲೆಸುತ್ತು, ಎದೆ ಹಿಡಿದ ಹಾಗೆ, ಬೆವರು. ಮಗ ಹೆದರಿ ಎಮರ್ಜೆನ್ಸಿಗೆ ಕರೆದುಕೊಂಡು ಹೋದ. ಎರಡು ರಾತ್ರಿ ಇಟ್ಟುಕೊಂಡು ಎಲ್ಲ ನೋಡಿ, ಹೃದಯಕ್ಕೇನೂ ಆಗಿಲ್ಲ, ಬಿಪಿ ಏರಿದೆ ಅಂದರು. ದೇವರು ದೊಡ್ಡವನು. ಬಿಲ್ಲು ಮಾತ್ರ ದೇವರಿಗಿಂತ ದೊಡ್ಡದಿತ್ತು. ಹೊರಡುವ ಮುಂಚೆ ನಾವು ಪ್ರವಾಸಿ ವಿಮೆ ಮಾಡಿಸಿದ್ದೆವು, ಕಂಪನಿ ಹೆಸರು ಬೇಡ. ಬಿಪಿ ಮೊದಲಿನಿಂದಲೇ ಇದ್ದ ಕಾಯಿಲೆ, ಆದ್ದರಿಂದ ಕ್ಲೇಮು ಇಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಮಗ ಆಸ್ಪತ್ರೆಯ ಬಿಲ್ಲಿಂಗ್‌ನವರ ಹತ್ತಿರ ಅಂಗಲಾಚಿ ಸ್ವಲ್ಪ ಇಳಿಸಿಕೊಂಡು ಕಂತಿನಲ್ಲಿ ಕಟ್ಟಿದ.

ನನಗೆ ಬಿಲ್ಲಿಗಿಂತ ಆ ಒಂದು ಸಾಲು ಚುಚ್ಚಿತು. ಯಾಕಂದ್ರೆ ಆ ಸಾಲು ನನಗೆ ಹೊಸದಲ್ಲ. ಸಕ್ಕರೆ ಕಾಯಿಲೆ, ಹಳೇ ಟಿಬಿ ಅಂತ ಪ್ರಪೋಸಲ್ ಫಾರಂ ವಾಪಸ್ ಬಂದಾಗ ಎಷ್ಟು ಮನೆಗಳ ಜಗುಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಆಗುವುದಿಲ್ಲ ಸ್ವಾಮಿ ಅಂತ ಹೇಳಿ ಬಂದಿದ್ದೇನೆ. ಅದರಲ್ಲಿ ತಪ್ಪಿಲ್ಲ ಅಂತಲೇ ನಂಬಿದ್ದೆ. ಈಗಲೂ ವ್ಯವಹಾರದ ಲೆಕ್ಕದಲ್ಲಿ ತಪ್ಪಿಲ್ಲ. ಒಲೆಯ ಬೆಂಕಿ ಸೂರಿಗೆ ಹತ್ತಿದ ಮೇಲೆ ಬಂದು ಮನೆಗೆ ವಿಮೆ ಕೊಡಿ ಅಂದರೆ ಯಾವ ಕಂಪನಿ ಕೊಡುತ್ತದೆ? (ಒಂದು ಮಾತು ಹೇಳಿಬಿಡುತ್ತೇನೆ, ಒಬಾಮಾ ಕಾಯಿದೆ ಬಂದ ಮೇಲೂ, ಕಾಯಿಲೆ ಇದ್ದರೂ ವಿಮೆ ಕೊಡಲೇಬೇಕು ಅನ್ನುವ ಅದರ ನಿಯಮ ಪ್ರವಾಸಿ ವಿಮೆಗೆ ತಾಗುವುದಿಲ್ಲ. ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು ಪಾಲಿಸಿಯ ಸಣ್ಣ ಅಕ್ಷರ ಓದಿಕೊಂಡೇ ವಿಮಾನ ಹತ್ತಿ.)

ಆ ಲೆಕ್ಕವನ್ನು ಮುರಿಯಲು ಹೊರಟದ್ದೇ ಆ ಕಾಯಿದೆ. ಅದನ್ನು ನಾನು ಮೂರು ಕಲ್ಲಿನ ಒಲೆ ಅಂತ ಅರ್ಥ ಮಾಡಿಕೊಂಡೆ. ಮೊದಲನೇ ಕಲ್ಲು, ಕಾಯಿಲೆ ಇದೆ ಅಂತ ಯಾರಿಗೂ ವಿಮೆ ಇಲ್ಲ ಅನ್ನುವ ಹಾಗಿಲ್ಲ, ಪ್ರೀಮಿಯಂ ಜಾಸ್ತಿ ಕೇಳುವ ಹಾಗೂ ಇಲ್ಲ. ಅಷ್ಟನ್ನೇ ಮಾಡಿದರೆ ಗಟ್ಟಿಮುಟ್ಟಾದವರು ಕಾಯಿಲೆ ಬರುವ ತನಕ ಸುಮ್ಮನಿರುತ್ತಾರೆ, ಗುಂಪಿನಲ್ಲಿ ರೋಗಿಗಳೇ ಉಳಿದು ಪ್ರೀಮಿಯಂ ಆಕಾಶಕ್ಕೇರುತ್ತದೆ. ಅದಕ್ಕೇ ಎರಡನೇ ಕಲ್ಲು, ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲವಾದರೆ ದಂಡ. ಬಡವರು ಎಲ್ಲಿಂದ ತರುತ್ತಾರೆ? ಮೂರನೇ ಕಲ್ಲು, ಆದಾಯ ನೋಡಿ ಸಬ್ಸಿಡಿ, ತೀರಾ ಬಡವರಿಗೆ ಮೆಡಿಕೇಡ್ ಅನ್ನುವ ಸರ್ಕಾರಿ ವಿಮೆ. ಒಂದು ಕಲ್ಲು ಎಳೆದರೆ ಪಾತ್ರೆ ವಾಲುತ್ತದೆ. ಜನಕ್ಕೆ ಮೊದಲನೇ ಕಲ್ಲು ಬಹಳ ಇಷ್ಟ, ಎರಡನೆಯದನ್ನು ಕಂಡರೆ ಆಗದು. ಇಡೀ ಜಗಳದ ತಿರುಳು ಇದೇ ಅಂತ ನನ್ನ ಅಭಿಪ್ರಾಯ.

ಇನ್ನು ಓದುಗರು ಹೇಳಿದ ಬಹುಮತದ ವಿಷಯ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯಿದೆ ಇದೆ, ಪಕ್ಷ ವಿಪ್ ಕೊಟ್ಟರೆ ಕೈ ಎತ್ತಲೇಬೇಕು, ಇಲ್ಲವಾದರೆ ಸೀಟೇ ಹೋದೀತು. ಅಲ್ಲಿ ಅದಿಲ್ಲ. ಪ್ರತಿಯೊಬ್ಬನೂ ಸ್ವಂತ ಅಂಗಡಿ ಇಟ್ಟವನೇ. ಮೇಲಾಗಿ ಸಂಸತ್ತಿನ ಮೇಲ್ಮನೆಯಾದ 100 ಜನರ ಸೆನೆಟ್‌ನಲ್ಲಿ 51 ಸಾಲುವುದಿಲ್ಲ. ಎದುರಾಳಿಗಳು ಚರ್ಚೆಯನ್ನು ಎಳೆದಾಡುತ್ತಲೇ ಇದ್ದರೆ ಅದನ್ನು ನಿಲ್ಲಿಸಲು 60 ವೋಟು ಬೇಕು. 2009ರ ಜುಲೈನಲ್ಲಿ ಒಬಾಮಾ ಪಕ್ಷದವರಾದ ಡೆಮಾಕ್ರಟರ ಕಡೆ ಸರಿಯಾಗಿ 60 ಆಯಿತು. ಒಬ್ಬರು ರಿಪಬ್ಲಿಕನ್ ಪಕ್ಷ ಬಿಟ್ಟು ಬಂದ ಪೆನ್ಸಿಲ್ವೇನಿಯಾದ ಆರ್ಲೆನ್ ಸ್ಪೆಕ್ಟರ್, ಇನ್ನೊಬ್ಬರು ತಿಂಗಳುಗಟ್ಟಲೆ ಮರುಎಣಿಕೆ, ಕೋರ್ಟು ಅಂತ ಅಲೆದು ಬಂದ ಮಿನೆಸೋಟಾದ ಅಲ್ ಫ್ರಾಂಕನ್. 60 ಬೇಕು, 60 ಇದೆ. ಕೇಳಲು ಚೆಂದ. ಆದರೆ ಅದರ ಅರ್ಥ ಏನು? 60 ಜನರಲ್ಲಿ ಒಬ್ಬೊಬ್ಬನೂ ರಾಜ. ಒಬ್ಬ ಮುನಿಸಿಕೊಂಡರೆ ಮುಗಿಯಿತು. 65 ಇದ್ದಿದ್ದರೆ ಐದು ಜನರ ಮುನಿಸು ತಡೆಯಬಹುದಿತ್ತು.

ಕನೆಕ್ಟಿಕಟ್‌ನ ಜೋ ಲೀಬರ್‌ಮನ್ ನೋಡಿ. ಸರ್ಕಾರವೇ ಒಂದು ವಿಮೆ ನಡೆಸಿ ಖಾಸಗಿ ಕಂಪನಿಗಳ ಎದುರು ಪೈಪೋಟಿಗೆ ಇಡಬೇಕು ಅನ್ನುವ ಯೋಚನೆ ಇತ್ತು, ಪಬ್ಲಿಕ್ ಆಪ್ಷನ್ ಅಂತ. ಅದು ಇದ್ದರೆ ನಾನು ವೋಟು ಹಾಕುವುದಿಲ್ಲ ಅಂದರು. ಸರಿ, ಅದು ಬೇಡ, 55 ದಾಟಿದವರು ದುಡ್ಡು ಕಟ್ಟಿ ಮೆಡಿಕೇರ್ ಸೇರಲಿ ಅಂದರು ಉಳಿದವರು. ಅದೂ ಆಗದು ಅಂದರು. ಕೆಲವೇ ತಿಂಗಳ ಹಿಂದೆ ಅವರೇ ಅದರ ಪರ ಮಾತಾಡಿದ್ದರು! ಕನೆಕ್ಟಿಕಟ್‌ನ ರಾಜಧಾನಿ ಹಾರ್ಟ್‌ಫರ್ಡ್. ವಿಮೆ ಕೆಲಸ ಮಾಡಿದವರಿಗೆ ಆ ಊರಿನ ಹೆಸರು ಗೊತ್ತಿರುತ್ತದೆ, ಅಮೆರಿಕದ ವಿಮಾ ಕಂಪನಿಗಳ ತವರು. ನಾನು ಇನ್ನೇನೂ ಹೇಳುವುದಿಲ್ಲ. ನೆಬ್ರಾಸ್ಕಾದ ಬೆನ್ ನೆಲ್ಸನ್ ಕೊನೆಯವರೆಗೂ ಹಿಡಿದುಕೊಂಡು, ತಮ್ಮ ರಾಜ್ಯಕ್ಕೆ ಮೆಡಿಕೇಡ್ ವಿಸ್ತರಣೆಯ ಪೂರ್ತಿ ಖರ್ಚನ್ನು ಕೇಂದ್ರವೇ ಸದಾಕಾಲ ಕೊಡಬೇಕು ಅಂತ ಬರೆಸಿಕೊಂಡರು. ಮೆಕ್ಕೆಜೋಳ ಬೆಳೆಯುವ ರಾಜ್ಯ ಅದು, ಜೋಳ ಸುಲಿಯುವವರ ಲಂಚ ಅನ್ನುವ ಅರ್ಥದ ಅಡ್ಡಹೆಸರೇ ಬಿತ್ತು. ಅವರ ಊರಿನವರೇ ಉಗಿದರು. ಮುಂದೆ ಅದನ್ನು ತೆಗೆದುಹಾಕಿದರು.

ಡಿಸೆಂಬರ್‌ನ ಆ ದಿನಗಳು ಭಲೇ ಇದ್ದವು. ವಾಷಿಂಗ್ಟನ್‌ನಲ್ಲಿ ಹಿಮ ಸುರಿದು ರಸ್ತೆ ಮುಚ್ಚಿಹೋಗಿತ್ತು. ನಡುರಾತ್ರಿ ಒಂದು ಗಂಟೆಗೆ ವೋಟು. 92 ವರ್ಷದ ರಾಬರ್ಟ್ ಬರ್ಡ್ ಅವರನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ತಂದರು. ಕೊನೆಗೆ 24ರ ಬೆಳಿಗ್ಗೆ ಏಳಕ್ಕೆ, ಕ್ರಿಸ್‌ಮಸ್‌ನ ಹಿಂದಿನ ದಿನ, 60-39ರಲ್ಲಿ ಸೆನೆಟ್ ಪಾಸು ಮಾಡಿತು. ರಿಪಬ್ಲಿಕನ್ನರ ಒಂದು ವೋಟೂ ಬೀಳಲಿಲ್ಲ. ತಿಂಗಳುಗಟ್ಟಲೆ ಎಲ್ಲರ ಕೈಕಾಲು ಹಿಡಿದು 60 ಸೇರಿಸಿದ ನಾಯಕ ಹ್ಯಾರಿ ರೀಡ್ ಸುಸ್ತಾಗಿ ತಮ್ಮ ಸರದಿ ಬಂದಾಗ 'ಇಲ್ಲ' ಅಂದುಬಿಟ್ಟರು, ಆಮೇಲೆ ತಲೆ ಚಚ್ಚಿಕೊಂಡು ತಿದ್ದಿಕೊಂಡರು. ಬರ್ಡ್ ತಮ್ಮ ವೋಟನ್ನು ಗೆಳೆಯ ಟೆಡ್ ಕೆನಡಿಗಾಗಿ ಅಂತ ಹೇಳಿ ಹಾಕಿದರು.

ಕೆನಡಿ ಆಗ ಇರಲಿಲ್ಲ. ಅವರ ರಾಜ್ಯವಾದ ಮ್ಯಾಸಚೂಸೆಟ್ಸ್‌ನಲ್ಲೇ ನಾವಿದ್ದದ್ದು. ಆಗಸ್ಟ್ 25ರಂದು ಮೆದುಳಿನ ಗಡ್ಡೆಯಿಂದ ತೀರಿಕೊಂಡರು. 1962ರಿಂದ ಸೆನೆಟರ್ ಆಗಿದ್ದವರು, ಎಲ್ಲರಿಗೂ ಆರೋಗ್ಯ ವಿಮೆ ಅನ್ನುವುದು ನನ್ನ ಜೀವನದ ಕೆಲಸ ಅಂದವರು. ಅಂತ್ಯಕ್ರಿಯೆಯ ದಿನ ಬಾಸ್ಟನ್‌ನಲ್ಲಿ ಮಳೆ, ಜನ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದೆವು. ನನ್ನ ಹೆಂಡತಿ, ಯಾರೋ ಏನೋ ಪಾಪ, ಇಷ್ಟು ಜನ ಅಳುತ್ತಾರಲ್ಲ ಅಂದಳು.

ಇಲ್ಲೊಂದು ರಾಜಕೀಯದ ಆಟ ಕೇಳಿ. ಸೆನೆಟರ್ ಸ್ಥಾನ ಖಾಲಿಯಾದರೆ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಯಾರನ್ನಾದರೂ ನೇಮಿಸಬಹುದು ಅಂತ ಮೊದಲು ಅಲ್ಲಿ ನಿಯಮವಿತ್ತು. 2004ರಲ್ಲಿ ಅಲ್ಲಿಯ ಜಾನ್ ಕೆರಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ. ಅವರಿಗೆ ಅವಕಾಶ ಸಿಗಬಾರದು ಅಂತ ಡೆಮಾಕ್ರಟರು ಆ ಅಧಿಕಾರ ಕಿತ್ತುಹಾಕಿ ಚುನಾವಣೆಯೇ ಆಗಬೇಕು ಅಂತ ಮಾಡಿದರು. 2009ರಲ್ಲಿ ಅದೇ ನಿಯಮ ಅವರ ಕಾಲಿಗೇ ಸುತ್ತಿಕೊಂಡಿತು. ಗಡಿಬಿಡಿಯಲ್ಲಿ ಮತ್ತೆ ತಿದ್ದಿ, ಪಾಲ್ ಕಿರ್ಕ್ ಅನ್ನುವವರನ್ನು ತಾತ್ಕಾಲಿಕವಾಗಿ ಕೂರಿಸಿ 60 ಉಳಿಸಿಕೊಂಡರು. ಚುನಾವಣೆ 2010ರ ಜನವರಿ 19ಕ್ಕೆ. ತಾನು ತೋಡಿದ ಹಳ್ಳಕ್ಕೆ ತಾನೇ ಅನ್ನುತ್ತೇವಲ್ಲ, ಹಾಗೆ.

ಗೆಲ್ಲುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕೆನಡಿ ಕುಟುಂಬದ ರಾಜ್ಯ ಅದು. ಡೆಮಾಕ್ರಟಿಕ್ ಅಭ್ಯರ್ಥಿ ಮಾರ್ತಾ ಕೋಕ್ಲಿ ಪ್ರಚಾರದಲ್ಲಿ ಅಷ್ಟಾಗಿ ಕಾಣಿಸಲೇ ಇಲ್ಲ. ಚಳಿಯಲ್ಲಿ ಫೆನ್‌ವೇ ಪಾರ್ಕ್ ಮುಂದೆ ನಿಂತು ಕೈಕುಲುಕಬೇಕಾ ಅನ್ನುವ ಅರ್ಥದಲ್ಲಿ ಮಾತಾಡಿ ಜನರ ಬಾಯಿಗೆ ಬಿದ್ದರು. ಫೆನ್‌ವೇ ಅಂದರೆ ಅಲ್ಲಿಯವರಿಗೆ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಇದ್ದ ಹಾಗೆ, ಸ್ವಲ್ಪ ಜಾಸ್ತಿಯೇ. ಎದುರು ನಿಂತ ಸ್ಕಾಟ್ ಬ್ರೌನ್ ಹಳೇ ಪಿಕಪ್ ಟ್ರಕ್ ಓಡಿಸಿಕೊಂಡು ಊರೂರು ಸುತ್ತಿದ. ಇದು ಕೆನಡಿಯ ಸೀಟಲ್ಲ, ಜನರ ಸೀಟು ಅಂದ. ಸಹಿ ಕೇಳಿದವರಿಗೆ ಹೆಸರಿನ ಜೊತೆ 41 ಅಂತ ಬರೆದುಕೊಡುತ್ತಿದ್ದನಂತೆ. ಅಂದರೆ ಒಬಾಮಾ ಮಸೂದೆ ತಡೆಯುವ 41ನೇ ವೋಟು ನಾನು ಅಂತ. ನಮ್ಮ ಬೀದಿಯಲ್ಲೇ ಹಿಮದ ಗುಡ್ಡೆಗಳ ಮೇಲೆ ಅವನ ಬೋರ್ಡುಗಳು ದಿನದಿನಕ್ಕೆ ಹೆಚ್ಚಾಗುತ್ತಿದ್ದವು. ಮಗ ನಂಬಲಿಲ್ಲ. ನಾನು ಹೇಳಿದೆ, ಇವನೇ ಗೆಲ್ಲುತ್ತಾನೆ ಕಣೋ ಅಂತ. ಸೊರಬ ಸಾಗರದಲ್ಲಿ ಅಷ್ಟು ಚುನಾವಣೆ ನೋಡಿದ ಕಣ್ಣು ಇದು.

ಗೆದ್ದ. ಕೆನಡಿ ಇಡೀ ಬದುಕು ಯಾವ ಕೆಲಸಕ್ಕೆ ಹೋರಾಡಿದರೋ, ಅದನ್ನು ತಡೆಯಲು ಹೊರಟವನು ಅವರದೇ ಕುರ್ಚಿಗೆ ಬಂದ. ಅಲ್ಲಿಯ ಜನಕ್ಕೆ ವಿಮೆ ಬೇಡವಾಗಿತ್ತಾ? ವಿಷಯ ಏನಂದ್ರೆ ಅವರಿಗೆ ಆಗಲೇ ಇತ್ತು. 2006ರಲ್ಲೇ ರಾಮ್ನಿ ಗವರ್ನರ್ ಆಗಿದ್ದಾಗ, ಕೆನಡಿ ಪಕ್ಕದಲ್ಲೇ ನಿಂತಿರುವಾಗ, ಅದೇ ಮೂರು ಕಲ್ಲಿನ ಒಲೆಯನ್ನು ರಾಜ್ಯದ ಮಟ್ಟದಲ್ಲಿ ಹೂಡಿದ್ದರು. ಅದೇ ರಾಮ್ನಿ 2012ರಲ್ಲಿ ಒಬಾಮಾ ಎದುರು ನಿಂತು ಆ ಕಾಯಿದೆ ರದ್ದು ಮಾಡುತ್ತೇನೆ ಅಂದರು, ಅದು ಬೇರೆ ಕಥೆ. ಮ್ಯಾಸಚೂಸೆಟ್ಸ್‌ನವರಿಗೆ ಊಟ ಆಗಿತ್ತು, ಬೇರೆ ರಾಜ್ಯದವರ ಒಲೆಗೆ ನಾವ್ಯಾಕೆ ಸೌದೆ ಕೊಡಬೇಕು ಅನ್ನಿಸಿತು. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತಾರಲ್ಲ. ನಿರುದ್ಯೋಗದ ಸಿಟ್ಟೂ ಇತ್ತು, ಇಲ್ಲ ಅನ್ನಲಾರೆ.

ಅದೇ ವಾರ ನಮ್ಮ ವೀಸಾ ಮುಗಿದು ವಾಪಸ್ ಹೊರಟೆವು. ವಿಮಾನ ನಿಲ್ದಾಣದ ಟಿವಿಗಳಲ್ಲಿ ಮಸೂದೆ ಸತ್ತಿತು ಅನ್ನುವುದೇ ಮಾತು. ಮುಂದಿನದ್ದನ್ನು ಶಿವಮೊಗ್ಗದಲ್ಲಿ ಕೂತು ಇಂಟರ್‌ನೆಟ್ ಕೆಫೆಯಲ್ಲಿ, ಮಗನ ಫೋನಿನಲ್ಲಿ ತಿಳಿದುಕೊಂಡೆ.

ಇಲ್ಲಿಂದ ಮುಂದೆ ಗಮನ ಕೊಡಿ, ಯಾಕಂದ್ರೆ ಓದುಗರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡು ಸದನ ಬೇರೆ ಬೇರೆ ಮಸೂದೆ ಪಾಸು ಮಾಡಿದ್ದವು. ಕೆಳಮನೆಯಾದ ಪ್ರತಿನಿಧಿಗಳ ಸಭೆಯದ್ದು 2009ರ ನವೆಂಬರ್ 7ರಂದು 220-215ರಲ್ಲಿ ಪಾಸಾದದ್ದು, ಅದರಲ್ಲಿ ಪಬ್ಲಿಕ್ ಆಪ್ಷನ್ ಇತ್ತು. ಮಾಮೂಲಿಯಾಗಿ ಎರಡೂ ಕಡೆಯವರು ಕೂತು, ಒಂದು ಕರಡು ಮಾಡಿ, ತಪ್ಪು ತಿದ್ದಿ, ಮತ್ತೆ ಎರಡೂ ಕಡೆ ವೋಟಿಗೆ ಹಾಕುತ್ತಾರೆ. ಈಗ 60 ಇಲ್ಲ, 59. ಒಂದು ಅಲ್ಪವಿರಾಮ ಬದಲಿಸಿದರೂ ಸೆನೆಟ್‌ಗೆ ವಾಪಸ್ ಹೋಗಬೇಕು, ಹೋದರೆ ಅಲ್ಲೇ ಸಾಯುತ್ತದೆ. ಹಾಗಾಗಿ ಉಳಿದದ್ದು ಒಂದೇ ದಾರಿ. ಸೆನೆಟ್‌ನ ಕರಡನ್ನು, ಕ್ರಿಸ್‌ಮಸ್ ಗಡಿಬಿಡಿಯಲ್ಲಿ ಬರೆದ ಒರಟು ಕರಡನ್ನು, ಇದ್ದದ್ದು ಇದ್ದ ಹಾಗೆ ಪ್ರತಿನಿಧಿಗಳ ಸಭೆ ನುಂಗಬೇಕು. ಆಮೇಲೆ ಹಣಕಾಸಿನ ಬಾಬತ್ತು ಮಾತ್ರ ಇರುವ ಇನ್ನೊಂದು ತಿದ್ದುಪಡಿಯನ್ನು 51 ವೋಟಿನ ದಾರಿಯಲ್ಲಿ ತರಬೇಕು.

ನುಂಗಿಸಿದವರು ಸ್ಪೀಕರ್ ನ್ಯಾನ್ಸಿ ಪೆಲೋಸಿ. ಸಣ್ಣದಾಗಿ ಏನಾದರೂ ಮಾಡಿ ಕೈತೊಳೆದುಕೊಳ್ಳೋಣ ಅಂತ ಶ್ವೇತಭವನದಲ್ಲೇ ಕೆಲವರು ಹೇಳುತ್ತಿದ್ದಾಗ ಆ ಹೆಂಗಸು ಒಪ್ಪಲಿಲ್ಲ. ಗೇಟು ಮುಚ್ಚಿದ್ದರೆ ಬೇಲಿ ಹಾರುತ್ತೇವೆ, ಬೇಲಿ ಎತ್ತರವಾದರೆ ಕೋಲು ಊರಿ ಜಿಗಿಯುತ್ತೇವೆ, ಅದೂ ಆಗದಿದ್ದರೆ ಪ್ಯಾರಾಶೂಟಿನಲ್ಲಿ ಇಳಿಯುತ್ತೇವೆ ಅಂದರು. ಆ ಫೆಬ್ರವರಿಯಲ್ಲೇ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ವಿಮಾ ಕಂಪನಿ ಕೆಲವರ ಪ್ರೀಮಿಯಂ ಶೇ 39ರವರೆಗೂ ಏರಿಸುತ್ತೇವೆ ಅಂತ ಘೋಷಿಸಿತು. ಸತ್ತ ಮಸೂದೆಗೆ ಉಸಿರು ಕೊಟ್ಟದ್ದು ಅದು ಅಂತ ನನಗನ್ನಿಸುತ್ತದೆ. ಗರ್ಭಪಾತಕ್ಕೆ ಸರ್ಕಾರದ ಹಣ ಹೋಗಬಾರದು ಅಂತ ಹಟ ಹಿಡಿದಿದ್ದ ಮಿಷಿಗನ್‌ನ ಬಾರ್ಟ್ ಸ್ಟುಪಾಕ್ ಗುಂಪನ್ನು ಅಧ್ಯಕ್ಷರ ಒಂದು ಆದೇಶದ ಭರವಸೆ ಕೊಟ್ಟು ಒಲಿಸಿದರು. ಮಾರ್ಚ್ 21, ಭಾನುವಾರ ರಾತ್ರಿ, 219-212. ಡೆಮಾಕ್ರಟರಲ್ಲೇ 34 ಜನ ವಿರುದ್ಧ. 23ರಂದು ಒಬಾಮಾ 22 ಪೆನ್ನು ಬಳಸಿ ಸಹಿ ಹಾಕಿದರು. ಅಲ್ಲಿ ಪದ್ಧತಿ ಹಾಗೆ, ಒಂದೊಂದು ಅಕ್ಷರಕ್ಕೆ ಒಂದೊಂದು ಪೆನ್ನು, ಆಮೇಲೆ ಅದನ್ನು ಹಂಚುತ್ತಾರೆ. ನವೆಂಬರ್‌ನಲ್ಲಿ ಚುನಾವಣೆ ಬಂತು, ಪ್ರತಿನಿಧಿಗಳ ಸಭೆಯಲ್ಲಿ ಡೆಮಾಕ್ರಟರು 63 ಸೀಟು ಕಳೆದುಕೊಂಡರು.

ಆ ತಿದ್ದದ ಕರಡಿನ ಬೆಲೆ ಆಮೇಲೆ ಕಟ್ಟಿದರು. ಸಬ್ಸಿಡಿ ಯಾರಿಗೆ ಅನ್ನುವ ಕಡೆ, ರಾಜ್ಯ ಸ್ಥಾಪಿಸಿದ ಮಾರುಕಟ್ಟೆಯಲ್ಲಿ (ಖಾಸಗಿ ಕಂಪನಿಗಳ ಪಾಲಿಸಿ ನೋಡಿ ಕೊಳ್ಳುವ ಜಾಗ) ವಿಮೆ ಕೊಂಡವರಿಗೆ ಅನ್ನುವ ಅರ್ಥದ ನಾಲ್ಕು ಪದ ಉಳಿದುಬಿಟ್ಟಿತ್ತು. ಬಹಳಷ್ಟು ರಾಜ್ಯಗಳು ಮಾರುಕಟ್ಟೆ ಮಾಡಲೇ ಇಲ್ಲ, ಕೇಂದ್ರವೇ ನಡೆಸಿತು. ಹಾಗಾದರೆ ಅಲ್ಲಿಯವರಿಗೆ ಸಬ್ಸಿಡಿ ಇಲ್ಲ ಅಂತ ಕೇಸು ಬಿತ್ತು. ನಾಲ್ಕು ಪದ! ಲಕ್ಷಾಂತರ ಜನರ ವಿಮೆ ಅದರ ಮೇಲೆ ನೇತಾಡಿತು. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಉಳಿಸಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನಲ್ಲೇ ಈ ಕಾಯಿದೆಯ ಬರವಣಿಗೆ ಒಡ್ಡೊಡ್ಡಾಗಿದೆ ಅಂತ ಟೀಕೆ ಮಾಡಿದ್ದಾರೆ. ಫಾರಂ ತುಂಬುವಾಗ ಒಂದು ಕಾಲಂ ತಪ್ಪಿದರೆ ಏನಾಗುತ್ತದೆ ಅಂತ ಏಜೆಂಟರಿಗೆ ನಾನು ಹೇಳುತ್ತಿದ್ದ ಪಾಠ ಇದೇ.

ಇನ್ನೊಂದು ಇದಕ್ಕಿಂತ ಬೇಸರದ್ದು. 2012ರಲ್ಲಿ ಅದೇ ಕೋರ್ಟ್ 5-4ರಲ್ಲಿ ಕಾಯಿದೆ ಉಳಿಸುವಾಗ, ದಂಡವನ್ನು ತೆರಿಗೆ ಅಂತ ಒಪ್ಪಿತು, ಆದರೆ ಮೆಡಿಕೇಡ್ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದು ಅಂದಿತು. ಕಾಯಿದೆ ಬರೆದವರು ಕಡುಬಡವರೆಲ್ಲ ಮೆಡಿಕೇಡ್‌ಗೆ ಬರುತ್ತಾರೆ ಅಂತ ನಂಬಿ, ಸಬ್ಸಿಡಿಯನ್ನು ಬಡತನ ರೇಖೆಯ ಮೇಲಿನವರಿಗೆ ಮಾತ್ರ ಇಟ್ಟಿದ್ದರು. ಟೆಕ್ಸಾಸ್, ಫ್ಲೋರಿಡಾದಂಥ ರಾಜ್ಯಗಳು ವಿಸ್ತರಣೆ ಬೇಡ ಅಂದವು. ಆಗ ಏನಾಯಿತು? ಅಲ್ಲಿ ಸ್ವಲ್ಪ ಬಡವನಾದರೆ ಸಬ್ಸಿಡಿ ಇದೆ, ತೀರಾ ಬಡವನಾದರೆ ಅದೂ ಇಲ್ಲ ಇದೂ ಇಲ್ಲ. ಯಾರಾದರೂ ಬೇಕಂತ ಕೂತು ಬರೆದರೂ ಇಂಥ ನಿಯಮ ಬರೆಯಲಾರರು. ನಾರ್ತ್ ಕ್ಯಾರೊಲಿನಾ 2023ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು, ಆಮೇಲೂ ಹತ್ತು ರಾಜ್ಯ ಹೊರಗೇ ಉಳಿದವು.

ನಮ್ಮವರೊಬ್ಬರ ಹೆಸರು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ. 2008ರಲ್ಲಿ ಒಬಾಮಾ ಪರ ಡಾಕ್ಟರುಗಳನ್ನು ಸೇರಿಸಿ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಅದೇ ಮುಂದೆ ಡಾಕ್ಟರ್ಸ್ ಫಾರ್ ಅಮೆರಿಕ ಆಗಿ ಈ ಕಾಯಿದೆಗೆ ದುಡಿಯಿತು. ಟ್ರೂಮನ್ ಕಾಲದಲ್ಲಿ ಡಾಕ್ಟರುಗಳ ಸಂಘ ಎದುರು ನಿಂತದ್ದು ನೆನಪಿದೆಯಲ್ಲ, ಆ ಹಿನ್ನೆಲೆಯಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಅವರು ಸರ್ಜನ್ ಜನರಲ್, ಅಂದರೆ ದೇಶದ ಮುಖ್ಯ ವೈದ್ಯಾಧಿಕಾರಿ, ಆದಾಗ ನಮ್ಮ ಪತ್ರಿಕೆಗಳು ಕನ್ನಡಿಗನ ಸಾಧನೆ ಅಂತ ಬರೆದವು. ಅವರ ನೇಮಕವನ್ನು ಸೆನೆಟ್ ಒಂದು ವರ್ಷ ಎಳೆದಾಡಿ 2014ರ ಡಿಸೆಂಬರ್‌ನಲ್ಲಿ 51-43ರಲ್ಲಿ ಒಪ್ಪಿದ್ದನ್ನು ಬರೆದವರು ಕಡಿಮೆ. ಬಂದೂಕು ಕೂಡ ಆರೋಗ್ಯದ ಸಮಸ್ಯೆ ಅಂದಿದ್ದರು, ಬಂದೂಕಿನ ಲಾಬಿಗೆ ಸಿಟ್ಟು ಬಂದಿತ್ತು.

2017ರಲ್ಲಿ ಟ್ರಂಪ್ ಬಂದು ಕಾಯಿದೆ ಕಿತ್ತುಹಾಕಲು ಹೊರಟಾಗ ನೋಡಿ, ಆಟ ತಿರುಗಿತು. ಏಳು ವರ್ಷ ರದ್ದು ರದ್ದು ಅಂದವರ ಕೈಯಲ್ಲಿ ಎರಡೂ ಸದನ ಇತ್ತು. ಜನ ಮತ್ತೆ ಟೌನ್ ಹಾಲ್‌ಗಳಿಗೆ ನುಗ್ಗಿದರು. 2009ರಲ್ಲಿ ಇದು ಬೇಡ ಅಂತ ಕೂಗಿದ್ದ ಜಾಗಗಳಲ್ಲೇ, ಇದನ್ನು ಕಿತ್ತುಕೊಳ್ಳಬೇಡಿ ಅಂತ ಕೂಗು. ಅದೇ ತಟ್ಟೆಯ ಭಯ. ಈಗ ಆ ತಟ್ಟೆಯಲ್ಲಿ ಒಬಾಮಾ ಬಡಿಸಿದ್ದು ಇತ್ತು, ಅಷ್ಟೇ ವ್ಯತ್ಯಾಸ. ಜುಲೈ 28ರ ನಡುರಾತ್ರಿ ದಾಟಿದ ಮೇಲೆ, ಆಗಷ್ಟೇ ಮೆದುಳಿನ ಗಡ್ಡೆ ಅಂತ ಗೊತ್ತಾಗಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಸೆನೆಟ್ ನಡುವೆ ಬಂದು ಹೆಬ್ಬೆರಳು ಕೆಳಗೆ ಮಾಡಿದರು. ಮೊದಲೇ ರದ್ದತಿಗೆ ವಿರುದ್ಧ ನಿಂತಿದ್ದ ಅದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಜೊತೆಗೆ ಇವರು. 49-51. ಆ ಇಬ್ಬರು ಹೆಂಗಸರು ಇಲ್ಲದಿದ್ದರೆ ಮೆಕೇನ್ ಹೆಬ್ಬೆರಳಿಗೆ ಬೆಲೆ ಇರಲಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಕೆನಡಿಗೂ ಮೆಕೇನ್‌ಗೂ ಒಂದೇ ಬಗೆಯ ರೋಗ. ಮೆಕೇನ್ ತೀರಿಕೊಂಡದ್ದು 2018ರ ಆಗಸ್ಟ್ 25. ಕೆನಡಿ ಹೋದ ದಿನವೇ, ಒಂಬತ್ತು ವರ್ಷದ ನಂತರ.

2017ರ ಕೊನೆಗೆ ತೆರಿಗೆ ಕಾಯಿದೆಯೊಳಗೆ ತೂರಿಸಿ ದಂಡವನ್ನು ಸೊನ್ನೆ ಮಾಡಿದರು, ಅಂದರೆ ಎರಡನೇ ಕಲ್ಲು ಎಳೆದರು. ಪಾತ್ರೆ ಮಗುಚುತ್ತದೆ ಅಂತ ನಾನು ಮಗನ ಹತ್ತಿರ ಪಂದ್ಯ ಕಟ್ಟಿದ್ದೆ. ಸೋತೆ. ಮೂರನೇ ಕಲ್ಲು, ಸಬ್ಸಿಡಿ, ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಅದನ್ನು 2021ರಲ್ಲಿ ಇನ್ನೂ ಹೆಚ್ಚಿಸಿದರು, 2022ರಲ್ಲಿ ಮತ್ತೆ ಮುಂದುವರಿಸಿದರು. ಆದರೆ 2022ರಲ್ಲಿ ಸೆನೆಟ್‌ನಲ್ಲಿ ಪಾಸಾದದ್ದು 51-50ರಲ್ಲಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ತಮ್ಮ ವೋಟು ಸೇರಿಸಿದ್ದರಿಂದ. ಅಷ್ಟು ತೆಳ್ಳಗಿನ ಬಹುಮತದಲ್ಲಿ ಖಾಯಂ ಮಾಡಲು ಆಗಲಿಲ್ಲ, 2025ರ ಕೊನೆಯ ತನಕ ಅಂತ ಗಡುವು ಹಾಕಿದರು. ಆ ಗಡುವು ಹತ್ತಿರ ಬಂದದ್ದಕ್ಕೇ ಈ 43 ದಿನದ ರಂಪ. ಸುಮಾರು 2.4 ಕೋಟಿ ಜನ ಆ ಮಾರುಕಟ್ಟೆಯಲ್ಲಿ ವಿಮೆ ಕೊಂಡಿದ್ದರು, ಹೆಚ್ಚಿನವರು ಸಬ್ಸಿಡಿಯಲ್ಲೇ.

ಹಾಗಾಗಿ ಸ್ವಾಮಿ, ಬಹುಮತ ಇತ್ತಲ್ಲ ಅಂತ ಕೇಳಿದವರಿಗೆ ನನ್ನ ಉತ್ತರ, ಇತ್ತು, ಒಂದೇ ಒಂದು ವೋಟಿನಷ್ಟು ಇತ್ತು, ಪ್ರತಿ ಸಲವೂ ಅಷ್ಟೇ ಇತ್ತು. ಅಷ್ಟರಲ್ಲಿ ಆದದ್ದು ಇದು. ನನ್ನ ಮೊಮ್ಮಗನಿಗೆ ಈಗ 22, ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ, 26 ತುಂಬುವ ತನಕ ಅಪ್ಪನ ವಿಮೆಯಲ್ಲೇ ಇರಬಹುದು. ಅದು ಆ ಕಾಯಿದೆಯ ಕಲಮು. ಅವನಿಗೆ ಇದ್ಯಾವ ಕಥೆಯೂ ಗೊತ್ತಿಲ್ಲ, ಹೇಳಿದರೆ ಫೋನ್ ನೋಡುತ್ತಾ ಹ್ಞೂಂ ಅಂತಾನೆ.

ಕೊನೆಗೆ ಒಂದು ತಿದ್ದುಪಡಿ. ನಿಮ್ಮ ಬರಹದಲ್ಲಿ ಒಬಾಮಕೇರ್ ಅನ್ನು ಉಚಿತ ಚಿಕಿತ್ಸಾ ಯೋಜನೆ ಅಂತ ಬರೆದಿದ್ದೀರಿ. ಉಚಿತ ಅಲ್ಲ. ಸಬ್ಸಿಡಿ ಕಳೆದು ಉಳಿದ ಪ್ರೀಮಿಯಂ ಕಟ್ಟಬೇಕು, ಆಸ್ಪತ್ರೆಗೆ ಹೋದಾಗ ಮೊದಲು ಇಂತಿಷ್ಟು ಡಾಲರ್ ಅಂತ ಕೈಯಿಂದಲೂ ಹಾಕಬೇಕು, ಆಮೇಲೆ ಕಂಪನಿ ಕೊಡುವುದು. ಕಂಪನಿಗಳೂ ಖಾಸಗಿಯವೇ. ಮುಂದಿನ ಸಲ ಬರೆಯುವಾಗ ದಯವಿಟ್ಟು ಸರಿಪಡಿಸಿ.

ಇಂತಿ,
ಒಬ್ಬ ನಿವೃತ್ತ ವಿಮಾ ನೌಕರ, ಶಿವಮೊಗ್ಗ